ಅಡ್ಡ ಬಂದ ಬೂದು ಪೆಟ್ಟಿಗೆ

ಆಯುಧಪೂಜೆಯ ದಿನ ಚನ್ನಗಿರಿಯ ಅಡಿಕೆ ಸುಲಿಯುವವರ ಸಂಘದಲ್ಲಿ ಎಲ್ಲದಕ್ಕೂ ಕುಂಕುಮ ಬಿತ್ತು. ಕತ್ತಿಗೆ, ಕಂಪ್ಯೂಟರಿಗೆ, ಕಾರ್ಯದರ್ಶಿ ರೂಪಶ್ರೀಯ ಸ್ಕೂಟಿಗೆ.

"ನಮ್ಮ ವೆಬ್‌ಸೈಟ್ ಏನು ಪಾಪ ಮಾಡೈತೆ?" ಅಂದಳು ರೂಪಶ್ರೀ. ಪುಟ ತಿದ್ದುವ ಎಡಿಟರ್ ತೆರೆದಳು. ಅದರಲ್ಲಿ ಕೋಡ್ ಬರೆಯುವ ತಲೆನೋವಿಲ್ಲ, ಚಿತ್ರ ಎಳೆದು ತಂದು ಬಿಟ್ಟರೆ ಸಾಕು. ದೂರು ಬರೆಯುವ ಖಾನೆಗಳ ಮೇಲೆ ಮಾವಿನ ತೋರಣ ಕಟ್ಟಹೋದರೆ ಒಂದು ಬೂದು ಪೆಟ್ಟಿಗೆ ಅಡ್ಡ ನಿಂತಿತ್ತು. ಒಳಗೆ ಅಕ್ಷರವಿಲ್ಲ, ಚಿತ್ರವಿಲ್ಲ. ಅಳಿಸಿದಳು. ತೋರಣ ನೆಟ್ಟಗೆ ಕೂತಿತು.

ದೀಪಾವಳಿಗೆ ಮುಂಚೆ ಸಭೆ ಸೇರಿತು. ರೂಪಶ್ರೀ ಸಿಟ್ಟಿನಲ್ಲಿದ್ದಳು. "ತೋಟದ ಫಸಲು ಗುತ್ತಿಗೆ ಹಿಡ್ದು ದುಡಿಸೋ ಖೇಣಿದಾರರ ಕಣ್ಣು ತಪ್ಪಿಸಿ ಮೊಬೈಲಲ್ಲೇ ದೂರು ಕೊಡ್ರಿ ಅಂತ ಪುಟ ಮಾಡಿದ್ವಿ. ಯಾವ ಊರಿಂದಾದ್ರೂ ಒಂದು ಬಂತಾ? ಬಾಯಿಗೆ ಎಲೆಅಡಿಕೆ ತುರುಕ್ಕೊಂಡು ಕೂತ್ರೆ ನ್ಯಾಯ ಮನೆಗೆ ಬರ್ತೈತಾ?"

ಉಬ್ರಾಣಿಯ ಗಿಡ್ಡಮ್ಮ ಬಟ್ಟೆ ಸುತ್ತಿದ ಕೈ ಎತ್ತಿದಳು. "ನಾನು ಕೊಟ್ಟೀನವ್ವ, ಹಬ್ಬ ಆದ ವಾರ. ಸುಲಿಯೋ ಮಿಷನ್‌ಗೆ ಮುಚ್ಚಳ ಇರ್ಲಿಲ್ಲ, ಖೇಣಿದಾರನೇ ಕಿತ್ತಿದ್ದ. ಬೆರಳೂ ಹೋತು, ಕೆಲಸಾನೂ ಹೋತು. ಮಗಳು ಪವಿತ್ರ ನನ್ನ ಕಣ್ಣೆದುರಿಗೇ ಬರೆದು ಕಳ್ಸೋ ಗುಂಡಿ ಒತ್ತಿದ್ಲು."

"ಬಂದಿಲ್ಲ, ಗಿಡ್ಡಮ್ಮ. ದಾರೀಲಿ ಕಳ್ದು ಹೋಗಾಕೆ ಅದೇನು ಕುರಿಮರೀನಾ?"

ಸಭೆ ನಕ್ಕಿತು. "ಖೇಣಿದಾರಗೆ ಹೆದರಿ, ಈಗ ಕತೆ ಕಟ್ತಾಳೆ," ಅಂದಳು ಹಿಂದೆ ಕೂತಿದ್ದ ಅರುಣಾ. ರೂಪಶ್ರೀ ತಡೆಯಲಿಲ್ಲ. ಗಿಡ್ಡಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದು ಹೋದಳು.

ಆ ಮುಚ್ಚಿಕೊಂಡ ಕೈ ರೂಪಶ್ರೀಯನ್ನು ಬಿಡಲಿಲ್ಲ. ತನ್ನ ಫೋನಿನಿಂದ ತಾನೇ ಒಂದು ದೂರು ಬರೆದು ಕಳಿಸಿ ನೋಡಿದಳು. ಖಾನೆಗಳು ಖಾಲಿಯಾದವು, ಥೇಟ್ ಹೋಯಿತೆಂಬಂತೆ. ಸಂಘದ ಕಂಪ್ಯೂಟರಿಗೆ ಏನೂ ಬರಲಿಲ್ಲ.

ಪುಟ ಮಾಡಿಕೊಟ್ಟಿದ್ದ ಹೊನ್ನಾಳಿಯ ಪರಮೇಶನಿಗೆ ಫೋನ್ ಹಚ್ಚಿದಳು.

"ಅಕ್ಕಾ, ಅಲ್ಲೊಂದು ಬೂದು ಪೆಟ್ಟಿಗೆ ಇತ್ತಲ್ಲ?"

"ಖಾಲಿ ಇತ್ತು ಕಣೋ, ಅಳಿಸಿದೆ."

"ಅಯ್ಯೋ, ಖಾಲಿ ಅಲ್ಲಕ್ಕಾ! ದೂರನ್ನ ನಿಮಗೆ ಮುಟ್ಟಿಸೋ ಕೋಡ್ ಅದರೊಳಗೇ ಇದ್ದಿದ್ದು. ಎಡಿಟರ್‌ಗೆ ಅದನ್ನ ತೋರ್ಸಾಕೆ ಬರಲ್ಲ, ಪೆಟ್ಟಿಗೆ ಇಟ್ಟು ಸುಮ್ಕಾಗ್ತೈತೆ. ಹಳೇ ಕಾಪಿ ನನ್ನತ್ರ ಐತೆ, ಹಾಕ್ತೀನಿ ಬಿಡ್ರಿ. ಯಾರಿಗೂ ಗೊತ್ತಾಗಲ್ಲ."

"ಇಲ್ಲೀತನಕ ಕಳಿಸಿದ್ದು?"

"ಅವು ಹೋದಂಗೇ."

ಯಾರಿಗೂ ಗೊತ್ತಾಗಲ್ಲ. ಆ ಮಾತು ಹಿತವಾಗಿ ಕೇಳಿಸಿತಲ್ಲ ಎಂದು ರೂಪಶ್ರೀಗೆ ತನ್ನ ಮೇಲೇ ಹೇಸಿಗೆಯಾಯಿತು. ಖೇಣಿದಾರ ಮಿಷನ್ನಿನ ಮುಚ್ಚಳ ಕಿತ್ತಿದ್ದೂ ಹಿಂಗೇ ಅಲ್ಲವೇ, ಕೆಲಸಕ್ಕೆ ಅಡ್ಡ ಬರ್ತೈತೆ ಅಂತ?

ಉಬ್ರಾಣಿಗೆ ಹೋದಾಗ ಗಿಡ್ಡಮ್ಮ ಹಿತ್ತಲಲ್ಲಿ ಒಂದೇ ಕೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ರೂಪಶ್ರೀ ಒಂದೂ ಬಿಡದೆ ಹೇಳಿದಳು. "ತಪ್ಪು ನಂದು, ಗಿಡ್ಡಮ್ಮ."

ಗಿಡ್ಡಮ್ಮ ತಲೆ ಎತ್ತಲಿಲ್ಲ. "ಸುಳ್ಳುಬುರುಕಿ ಅನ್ನಿಸ್ಕಂಡಿದ್ದು ಸಭೆಯಾಗೆ. ತಪ್ಪಾತು ಅನ್ನಾಕೆ ಹಿತ್ತಲಿಗೆ ಬಂದೀಯೇನವ್ವ?"

ಸಭೆ ಮತ್ತೆ ಸೇರಿತು. ರೂಪಶ್ರೀ ಬಾಯಿ ತೆರೆಯುವ ಮೊದಲೇ ಗಿಡ್ಡಮ್ಮ ಎದ್ದು ನಿಂತಳು. "ತಡಿಯವ್ವ. ಅವತ್ತು ನಕ್ಕೋರೆಲ್ಲ ಬಂದೀರೇನ್ರೇ?"

ರೂಪಶ್ರೀ ಹೇಳಿದಳು. ಪೆಟ್ಟಿಗೆ ಅಳಿಸಿದ್ದು ನಾನು, ಗಿಡ್ಡಮ್ಮ ಹೇಳಿದ್ದು ನಿಜ, ದೂರು ಈಗಲೇ ಅವಳ ಬಾಯಿಂದಲೇ ಬರೆದುಕೊಳ್ಳುತ್ತೇನೆ ಎಂದಳು.

ಹಿಂದಿನಿಂದ ಅರುಣಾಳ ದನಿ ಬಂತು. "ಹಂಗಾದ್ರೆ ನಾನು ಕಳಿಸಿದ್ದ ದೂರೂ ಬಂದಿಲ್ಲ. ಕೇಳಿದ್ರೆ ನನ್ನೂ ನೋಡಿ ನಗ್ತೀರಿ ಅಂತ ಸುಮ್ಕಿದ್ದೆ."

ರೂಪಶ್ರೀಗೆ ತಲೆ ಎತ್ತಲಾಗಲಿಲ್ಲ. ಗಿಡ್ಡಮ್ಮ ಬೆಂಚಿನಲ್ಲಿ ಸರಿದು ಅರುಣಾಳಿಗೆ ಜಾಗ ಮಾಡಿದಳು.

"ಬಾರೇ. ನಂದಾದ ಮೇಲೆ ನಿಂದು."