ಬಿಗಿಯಾದ ಕಾಲುಂಗುರ

ನಾನು ಕಾಗಾಲದ ಬಂಗಾರಿ. ಸೊಸೆ ದೇವಿಯ ಮಾತ್ರೆ ಬಿಡಿಸಿದವಳು ನಾನೇ. ಹಾಗಾಗಿ ಈ ಕಥೆಯನ್ನು ನಾನೇ ಹೇಳಬೇಕು.

ತರಕಾರಿ ಗದ್ದೆಯ ಬಿಸಿಲಿಗೆ ಹೋದರೆ ದೇವಿಯ ಮೂಗು, ಎರಡೂ ಕೆನ್ನೆ ಕೆಂಪಾಗುತ್ತಿದ್ದವು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಸದಾ ಸುಸ್ತು. ಮೊದಲು ಮೈಗಳ್ಳತನ ಎಂದೆ, ಆಮೇಲೆ ನಾಗದೋಷ ಎಂದೆ. ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ ಲೂಪಸ್ ಎಂದರು. ಮಾತ್ರೆ ಶುರುವಾಯಿತು. ಆರು ತಿಂಗಳಲ್ಲಿ ದೇವಿ ಮತ್ತೆ ಹಾಡುತ್ತ ಕಳೆ ಕೀಳತೊಡಗಿದಳು.

"ಚಲೋ ಆತಲ್ಲೇ, ಇನ್ನೆಂತಕ್ಕೆ ಮಾತ್ರೆ? ಮೈಗೆ ಉಷ್ಣ ಅದು" ಎಂದೆ.

"ಡಾಕ್ಟ್ರು ಬಿಡ್ಬೇಡ ಅಂದಿದ್ರಲ್ಲ ಅತ್ತೆ?"

"ನಿನ್ನ ಸಾಕೂದು ಡಾಕ್ಟ್ರೋ, ನಾನೋ?"

ದೇವಿ ಎದುರಾಡುವವಳಲ್ಲ. ಬಿಟ್ಟಳು.

ಮೂರು ತಿಂಗಳಿಗೆ ಅವಳ ಮುಖ ದುಂಡಗಾಯಿತು, ಕಾಲುಂಗುರ ಬಿಗಿಯಾಯಿತು. ಉಂಡ ಅನ್ನ ಮೈಗೆ ಹತ್ತಿತು ಎಂದು ಕೇರಿಗೆಲ್ಲ ಹೇಳಿಕೊಂಡು ಬಂದೆ. ಇಡಗುಂಜಿ ಗಣಪತಿ ಗುಡಿಗೆ ಹೋಗಿ ಪಂಚಕಜ್ಜಾಯವನ್ನೂ ಮಾಡಿಸಿದೆ.

ಆಶಾ ಕಾರ್ಯಕರ್ತೆ ವೀಣಾ ಮನೆಗೆ ಬಂದವಳು ದೇವಿಯ ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದಳು. ಬಿದ್ದ ಗುಳಿ ಹಾಗೇ ಉಳಿಯಿತು.

"ಉಚ್ಚೆ ನೊರೆ ನೊರೆ ಹೋಗ್ತದಾ?"

ದೇವಿ ಹೌದೆಂದಳು. ಮಾತ್ರೆ ಬಿಟ್ಟು ಮೂರು ತಿಂಗಳಾಯಿತೆಂದೂ ಹೇಳಿದಳು.

"ಬಂಗಾರಕ್ಕಾ, ಇದು ಮೈ ತುಂಬಿದ್ದಲ್ಲ, ನೀರು. ರೋಗ ತಡೆಯೂ ಶಕ್ತಿಯೇ ಇವ್ಳ ಮೈಮೇಲೆ ತಿರುಗಿ ಬಿದ್ದದೆ. ಕಿಡ್ನಿಗೆ ಬಂದಂಗೆ ಕಾಣ್ತದೆ. ಮಾತ್ರೆ ಅದನ್ನ ಹಿಡಿದು ನಿಲ್ಸಿತ್ತು."

"ಹಂಗಾರೆ ಗುಣ ಆಗೂದೇ ಇಲ್ವನೇ?"

"ಪೂರ್ತಿ ಹೋಗೂದಿಲ್ಲ. ಆದ್ರೆ ಹತೋಟೀಲಿ ಇಟ್ಕಂಡು ಬದುಕ್ಬಹುದು. ಅಂಟೂ ರೋಗ ಅಲ್ಲ, ದೋಷವೂ ಅಲ್ಲ. ಈಗ್ಲೇ ಹೊರಡಿ."

ಆಸ್ಪತ್ರೆಯಲ್ಲಿ ಕಾಲುಂಗುರವನ್ನು ಕತ್ತರಿಸಿ ತೆಗೆದರು. ದೇವಿ ಬದುಕಿದಳು. ಆದರೆ ಕಿಡ್ನಿಯ ಅರ್ಧ ಬಲ ಹೋಗಿಯೇ ಬಿಟ್ಟಿತು. ರೋಗ ತಣ್ಣಗಾಗುವ ತನಕ ಬಸುರಿಯಾಗುವುದು ಬೇಡ ಎಂದಿದ್ದಾರೆ. ಮಗ ದಿನಕರ ಮಾತ್ರೆಯ ಚೀಟಿಯನ್ನು ತಂದು ನನ್ನ ಕೈಗೇ ಕೊಟ್ಟ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ದಿನವೂ ಮಾತ್ರೆ, ನೀರು ಕೊಡುವವಳು ನಾನು. ಬಿಸಿಲಿನ ಕೆಲಸ ನನ್ನದು. ಅವಳು ನೆರಳಲ್ಲಿ ಕುಳಿತು ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಾಳೆ. ಹೇಳಿದ ದಿನಕ್ಕೆ ರಕ್ತ, ಮೂತ್ರದ ಪರೀಕ್ಷೆ ತಪ್ಪಿಸುವುದಿಲ್ಲ. ಹಾಡು ಮಾತ್ರ ಇನ್ನೂ ಶುರುವಾಗಿಲ್ಲ.

ಅಕ್ಕಂದಿರೇ, ಮನೆಯ ಹೆಣ್ಣಿಗೆ ಬಿಸಿಲಿಗೆ ಕೆನ್ನೆ ಕೆಂಪಾದರೆ, ಗಂಟುನೋವು, ಸುಸ್ತು ಬಿಡದಿದ್ದರೆ ಮೈಗಳ್ಳಿ ಎನ್ನಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ. ಚೆನ್ನಾಗಿ ಕಂಡಳೆಂದು ಡಾಕ್ಟರನ್ನು ಕೇಳದೆ ಮಾತ್ರೆ ಬಿಡಿಸಬೇಡಿ. ಕತ್ತರಿಸಿದ ಆ ಕಾಲುಂಗುರ ನನ್ನ ಬಳಿ ಇದೆ. ನಂಬಿಕೆ ಬಾರದಿದ್ದರೆ ಮನೆಗೆ ಬನ್ನಿ, ತೋರಿಸುತ್ತೇನೆ.