ಜಮಖಾನ ಒಗೆಯುವ ಹೊಳೆ

ಮ್ಲಾದಿತ್ಸ ಮೀನು ಮೊಟ್ಟೆಯಿಟ್ಟು ಮರಿ ಹೊರಡುವ ತನಕ ನಮ್ಮೂರಿನ ಹೆಂಗಸರು ಹೊಳೆಗಿಳಿದು ಜಮಖಾನ ತುಳಿದು ಒಗೆಯುವುದಿಲ್ಲ. ದ್ರಿನಾ ನದಿ ಸೇರುವ ಹೊಳೆ ನಮ್ಮದು. ಅದರಲ್ಲಿ ಆ ಮೀನು ಈಗ ಉಳಿದಿರುವುದೇ ಬೆರಳೆಣಿಕೆಯಷ್ಟು. ಮೇ ಮೊದಲ ವಾರದ ಸಂತ ಜಾರ್ಜನ ಹಬ್ಬದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂಬುದು ಹಿರಿಯರ ಲೆಕ್ಕ. ಈ ವರ್ಷ ಮೇಲಿನ ಅಣೆಕಟ್ಟಿನವರು ತಳದ ತಣ್ಣೀರು ಬಿಡುತ್ತಲೇ ಇದ್ದರು. ಹಬ್ಬ ಬಂದು ಹೋಯಿತು, ಮೀನು ಮೊಟ್ಟೆಯಿಡುವ ಜಲ್ಲಿಯ ಕಡೆ ತಲೆ ಹಾಕಲಿಲ್ಲ.

ನಮ್ಮತ್ತೆ ಸ್ತೋಯಾಂಕಾ ಅಂಗಾಲು ಸುಟ್ಟ ಬೆಕ್ಕಿನಂತೆ ಅಂಗಳ ಸುತ್ತಿ, ಕೊನೆಗೆ ಜಮಖಾನ ಹೆಗಲಿಗೇರಿಸಿ ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ.

"ಅತ್ತೆ, ಮೀನಿನ್ನೂ ಮೊಟ್ಟೇನೇ ಇಟ್ಟಿಲ್ಲ."

"ಹಬ್ಬ ಮುಗೀತಲ್ಲೇ. ಮದುವೆಗೆ ಕರೆಯೋ ಹಾಗೆ ಪ್ಲಮ್ ಸಾರಾಯಿ ಕೊಟ್ಟು ಕರೀಬೇಕಾ ಅದನ್ನ?"

"ಹಬ್ಬದ ತಾರೀಖು ಮೀನಿಗೇನು ಗೊತ್ತು? ನೀರು ಬೆಚ್ಚಗಾಗ್ಬೇಕು."

ಅವರು ಮೊಣಕಾಲಿನವರೆಗೆ ಇಳಿದು ನಿಂತರು. ಹಲ್ಲು ಕಟಕಟ ಎಂದಿತು. ಪಕ್ಕದ ಮಡುವಿನಲ್ಲಿ ತೋಳುದ್ದದ ಹೆಣ್ಣು ಮೀನೊಂದು ತುಂಬಿದ ಹೊಟ್ಟೆ ಹೊತ್ತು ಅತ್ತಿಂದಿತ್ತ ತಿರುಗುತ್ತಿತ್ತು, ನಿಲ್ಲಲಾರದೆ, ಹೋಗಲಾರದೆ. ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು.

ದಡಕ್ಕೆ ಬಂದು ಕೆಂಪೇರಿದ ಪಾದ ತಿಕ್ಕಿಕೊಂಡರು.

"ನಿನ್ನ ಗಂಡನ್ನ ಹೆರೋಕೆ ಮುಂಚೆ ನಾನೂ ಹೀಗೇ ತಿರುಗ್ತಿದ್ದೆ. ದಿನ ಮೀರಿತ್ತು. ನಮ್ಮತ್ತೆ ದಿನಾ ಬಾಗಿಲಿಗೆ ಬಂದು, ಇನ್ನೂ ಆಗ್ಲಿಲ್ವಾ ಅಂತ ಕೇಳೋಳು, ನಾನೇ ಬೇಕಂತ ತಡ ಮಾಡ್ತಿದ್ದೀನಿ ಅನ್ನೋ ಹಾಗೆ."

ಒದ್ದೆಯಾಗದ ಜಮಖಾನವನ್ನು ನನ್ನ ಹೆಗಲಿಗೆ ಹೇರಿದರು.

"ನಡಿ ಮನೆಗೆ. ಕೊಳೆ ಎಲ್ಲಿಗೂ ಓಡಿ ಹೋಗಲ್ಲ."