ಮೂರನೆಯ ಸಾಲು

ಚನ್ನಗಿರಿಯಲ್ಲಿ ಸಂಗೀತ ಹೇಳಿಕೊಡುವ ಗುರುಬಸವರಾಜ್‌ಗೆ ಒಂದೇ ಕೆಟ್ಟ ಚಾಳಿ. ಒಂದು ಸಾಲಿನ ರುಚಿ ಹತ್ತಿತೆಂದರೆ ಬಿಡುವ ಆಸಾಮಿಯೇ ಅಲ್ಲ. ಮಠದ ಭಜನೆಯಲ್ಲಿ ಇದು ನಡೆಯುತ್ತದೆ, ಕೇಳುವವರು ತಲೆದೂಗುತ್ತಾರೆ. ಕ್ರೈಸ್ತರ ಇಗರ್ಜಿಯ ಬಲಿಪೂಜೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಹಾಡು ಮುಗಿಯುವ ತನಕ ಪಾದ್ರಿ ಬಲಿಪೀಠದ ಮುಂದೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಇದೆಲ್ಲ ತಿಳಿದೂ ಊರಿನ ಪಾದ್ರಿ, ಮುದುಕ ಚೌರಪ್ಪನವರು, ಬಲಿಪೂಜೆಯ ಐದು ಹಾಡುಗಳಿಗೂ ರಾಗ ಹಾಕಿಕೊಡು ಎಂದು ಅವನನ್ನೇ ಹಿಡಿದಿದ್ದರು. ಎರಡು ವರ್ಷ ಅವನು ಅದರಲ್ಲೇ ಮುಳುಗಿದ್ದ. ಲಿಂಗಪೂಜೆ ಮುಗಿಸಿ ಹಾರ್ಮೋನಿಯಂ ಮುಂದೆ ಕೂತನೆಂದರೆ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಹೆಂಡತಿ ಶಿವಲೀಲಾ ಬೈದೂ ಬೈದೂ ಕೊನೆಗೆ ತಾನೇ ಆ ಹಾಡುಗಳನ್ನು ಗುನುಗತೊಡಗಿದ್ದಳು.

ಇವತ್ತು ಪರೀಕ್ಷೆ. ಬಿಷಪ್ಪರು ಕಳಿಸಿದ ಹಿರಿಯ ಪಾದ್ರಿಯೊಬ್ಬರು ಮುಂದಿನ ಬೆಂಚಿನಲ್ಲಿ ಮುಖ ಬಿಗಿದುಕೊಂಡು ಕೂತಿದ್ದರು. ಅವರು ಒಪ್ಪಿದರೆ ಹಾಡುಗಳು ಇಗರ್ಜಿಯಲ್ಲಿ ಉಳಿಯುತ್ತವೆ, ಇಲ್ಲವಾದರೆ ಇವತ್ತಿಗೇ ಮುಗಿಯಿತು. ಒಂದು ಸಾಲನ್ನೂ ಹೆಚ್ಚಿಗೆ ಹಾಡಕೂಡದೆಂದು ಚೌರಪ್ಪನವರು ಮೊದಲೇ ಅವನಿಂದ ಮಾತು ತೆಗೆದುಕೊಂಡಿದ್ದರು.

ನಾಲ್ಕು ಹಾಡುಗಳು ಅಳತೆ ತಪ್ಪದೆ ಮುಗಿದವು. ಕಡೆಯದು ದೇವರ ಕುರಿಮರಿಯ ಹಾಡು, ಪಾದ್ರಿ ರೊಟ್ಟಿ ಮುರಿಯುವಾಗ ಹಾಡುವಂಥದ್ದು. ಮೂರೇ ಸಾಲು. ಎರಡು ಸಲ 'ದಯೆ ತೋರಿ', ಮೂರನೆಯದಕ್ಕೆ 'ಶಾಂತಿ ನೀಡಿ', ಅಲ್ಲಿಗೆ ಮುಕ್ತಾಯ.

ಎರಡನೆಯ ಸಾಲು ಮುಗಿಯುತ್ತಿದ್ದಂತೆ ಗುರುಬಸವರಾಜ್ ತಲೆಯೆತ್ತಿದ. ಚೌರಪ್ಪನವರ ಕೈ ಗಡಗಡ ನಡುಗುತ್ತಿತ್ತು. ಹಪ್ಪಳದಂಥ ತೆಳ್ಳನೆಯ ರೊಟ್ಟಿ, ಅದನ್ನೇ ಮುರಿಯಲಾಗುತ್ತಿಲ್ಲ. ಈಗ ಹಾಡು ನಿಂತರೆ ತುಂಬಿದ ಇಗರ್ಜಿಯ ಕಣ್ಣೆಲ್ಲ ಆ ಕೈಯ ಮೇಲೆ. ಹಾಡು ಬೆಳೆಸಿದರೆ ಎರಡು ವರ್ಷದ ಕೆಲಸ ಮಣ್ಣುಪಾಲು.

ಮುಂದಾಳಾಗಿ ಹಾಡುವ ಮಾಲಾ 'ಶಾಂತಿ'ಗೆ ಉಸಿರೆಳೆದುಕೊಂಡಿದ್ದಳು. ಅವನು ಬೇಡವೆಂದು ತಲೆಯಾಡಿಸಿ, ಮತ್ತೆ 'ದಯೆ'ಯ ಸ್ವರವನ್ನೇ ಒತ್ತಿದ. ಅವಳು ಕಣ್ಣು ಕಣ್ಣು ಬಿಟ್ಟಳು, ಆದರೂ ಹಾಡಿದಳು. ಮತ್ತೊಂದು ಸಲ. ಮಗದೊಂದು ಸಲ. ಮುಂದಿನ ಬೆಂಚಿನ ಪಾದ್ರಿ ಕತ್ತು ಹೊರಳಿಸಿ ನೋಡಿದರು. ಗುರುಬಸವರಾಜ್ ಹಾಳಾಗಿ ಹೋಗಲಿ ಎಂದುಕೊಂಡು ಇನ್ನೊಮ್ಮೆ ಒತ್ತಿದ. ಕೊನೆಗೂ ರೊಟ್ಟಿ ಮುರಿಯಿತು. ಆಮೇಲೆಯೇ ಅವನು 'ಶಾಂತಿ'ಗೆ ಬಂದದ್ದು.

ಪೂಜೆ ಮುಗಿದ ಮೇಲೆ ಹಿರಿಯ ಪಾದ್ರಿ ನೇರ ಅವನ ಬಳಿಗೇ ಬಂದರು. ಅವನು ಹಾರ್ಮೋನಿಯಂ ಮುಚ್ಚಿ, ತಪ್ಪಾಯಿತು ಎಂದ. ಅವರು ಹುಬ್ಬೇರಿಸಿದರು. ರೊಟ್ಟಿ ಮುರಿದು ಮುಗಿಯುವ ತನಕ ಈ ಸಾಲನ್ನು ಎಷ್ಟು ಸಲವಾದರೂ ಹಾಡಬಹುದು, ಕ್ರಮವೇ ಹಾಗಿದೆ, ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಹಾಡುಗಳು ಇಲ್ಲೇ ಇರಲಿ ಎಂದೂ ಹೇಳಿ ಹೋದರು.

ಗುರುಬಸವರಾಜ್ ಚೌರಪ್ಪನವರತ್ತ ತಿರುಗಿದ. ಮುದುಕರು ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಅಡಗಿಸಿಕೊಂಡಿದ್ದರು.

"ನಂಗೊತ್ತಿತ್ತು ಕಣಪ್ಪ," ಎಂದರು. "ಹೇಳಿದ್ರೆ ನೀನು ಮಧ್ಯಾಹ್ನದ ಮಟ ಬಿಡಾಕಿಲ್ಲ ಅಂತ ಸುಮ್ಕಿದ್ದೆ. ಕೈ ಹಿಂಗೆ ನಡುಗ್ತೈತೆ ಅನ್ನೋದ್ನೂ ಯಾರ್ಗೂ ಹೇಳಿರ್ಲಿಲ್ಲ."

ಗುರುಬಸವರಾಜ್‌ಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತೋಳಿನೊಳಗಿಂದ ಆ ಕೈಯನ್ನು ಎಳೆದು ಹಿಡಿದುಕೊಂಡ. ಅದರ ನಡುಕ ನಿಲ್ಲುವ ತನಕ ಬಿಡಲಿಲ್ಲ.